ನೋಟಿಸ್ ಬೋರ್ಡಿನ ಮೇಲೊಂದು ದೇಶ

ಶ್ರೀನಗರದಿಂದ ಶುರುಮಾಡಿ ಗುಂಡುಸೂಜಿಗಳನ್ನು ಒಂದೊಂದಾಗಿ ಕೀಳುತ್ತ ಶ್ರೀವಾಣಿ ಮಹಾರಾಷ್ಟ್ರದವರೆಗೆ ಬಂದಿದ್ದಳು. ಸೂಜಿ ಡಬ್ಬಿಗೆ, ನೂಲು ಮಡಿಲಿಗೆ. ಗಂಡನ ಹದಿಮೂರನೆಯ ದಿನದ ಊಟವೂ ಮುಗಿದು ನೆಂಟರೆಲ್ಲ ಮುಂಬೈಯಿಂದ ಉಡುಪಿಯ ರೈಲು ಹತ್ತಿದ್ದರು. ಹಾಲಿನವನು ಎಂದಿನಂತೆ ಬೆಲ್ ಒತ್ತಿ ಹೋಗಿದ್ದ.

“ಎಂತ ಮಾರಾಯ್ತಿ, ಬೆಳಿಗ್ಗೆ ಬೆಳಿಗ್ಗೆ?” ಅತ್ತೆ ಸುಗುಣಾ ಕಾಫಿ ತಂದಿಟ್ಟರು.

“ಬಿಲ್ಡಿಂಗ್ ಸೊಸೈಟಿಯ ಬೋರ್ಡ್ ಅತ್ತೆ. ಎರಡು ದಿನಕ್ಕೆ ಅಂತ ಇವರು ತಂದದ್ದು. ಕೊಟ್ಟುಬರ್ತೇನೆ.”

“ಎರಡು ದಿನ! ಎರಡು ಮಳೆಗಾಲ ಆಯ್ತು.”

ಅವಳ ಗಂಡ ಸಂಕರ್ಷಣನ ಕೆಲಸವೇ ನಕ್ಷೆ. ದೇಶದಲ್ಲಿ ಯಾವ ವಿಜ್ಞಾನಿ ಯಾವ ವಿಷಯ ಹಿಡಿದಿದ್ದಾರೆ, ಯಾರು ಯಾರೊಡನೆ ಸೇರಿ ಬರೆದಿದ್ದಾರೆ ಎಂಬುದರ ನಕ್ಷೆ. ಆಫೀಸಿನಲ್ಲಿ ಅದು ಕಂಪ್ಯೂಟರಿನಲ್ಲಿತ್ತು. ಮನೆಯಲ್ಲಿ ಈ ಬೋರ್ಡಿನ ಮೇಲೆ. ಒಬ್ಬೊಬ್ಬರಿಗೆ ಒಂದು ಸೂಜಿ, ವಿಷಯಕ್ಕೊಂದು ಬಣ್ಣ. ಇಬ್ಬರ ಹೆಸರು ಒಂದೇ ಲೇಖನದಲ್ಲಿ ಬಂದರೆ ಮಾತ್ರ ನಡುವೆ ನೂಲು. “ಆಸೆಗೆಲ್ಲ ನೂಲು ಕಟ್ಟುವ ಹಾಗಿಲ್ಲ” ಎನ್ನುತ್ತಿದ್ದ.

ಅವಳ ಬೆರಳು ಎರಡು ನೀಲಿ ಸೂಜಿಗಳ ಬಳಿ ನಿಂತಿತು. ಡೊಂಬಿವಲಿ, ರಾಯಚೂರು. ಬಟ್ಟೆಗೆ ಬಣ್ಣ ಹಾಕಿ ಬಿಟ್ಟ ನೀರನ್ನು ಬ್ಯಾಕ್ಟೀರಿಯಾದಿಂದ ತಿಳಿಗೊಳಿಸುವುದು ಇಬ್ಬರ ಕೆಲಸವೂ ಹೌದು. ಇಬ್ಬರಿಗೂ ನೂಲಿಲ್ಲ. ನೂಲಿಲ್ಲದ ಚುಕ್ಕೆಗಳನ್ನು ಕೊನೆಗೆ ಅಳಿಸುವುದು ಆಫೀಸಿನ ಪದ್ಧತಿ. ಇವೆರಡನ್ನು ಉಳಿಸಲು ಅವನು ಆಸ್ಪತ್ರೆಯ ಮಂಚದಿಂದಲೂ ಜಗಳವಾಡಿದ್ದ. ನಕ್ಷೆ ಇವತ್ತು ಸಂಜೆ ಅಚ್ಚಿಗೆ ಹೋಗುವುದಿತ್ತು.

*

ಅವನನ್ನು ಸ್ಮಶಾನಕ್ಕೆ ಒಯ್ಯುವ ದಿನ, ಬಾಗಿಲ ಹೊರಗೆ ಚಪ್ಪಲಿ ರಾಶಿಯ ಪಕ್ಕ ಇಬ್ಬರು ಅಪರಿಚಿತರು ನಿಂತಿದ್ದರು. ಒಳಗೆ ಗೋಡೆಗೊರಗಿದ್ದ ಶ್ರೀವಾಣಿಗೆ ಅವರ ಮಾತು ಕೇಳಿಸುತ್ತಿತ್ತು.

“ನಾ ದಿಲೀಪ ರೀ, ರಾಯಚೂರು ಕಾಲೇಜಿನಾವ. ಸರ್ ವಾರಕ್ಕೊಮ್ಮೆ ಫೋನ್ ಹಚ್ಚಿ ಬೈತಿದ್ರು, ಡೊಂಬಿವಲಿ ಮೇಡಮ್ ಜೋಡಿ ಮಾತಾಡ್ರಿ ಅಂತ.”

“ಅರೆ, ಆ ಮೇಡಮ್ ನಾನೇ! ನಾಗವೇಣಿ. ನನಗೂ ಅದೇ ಬೈಗುಳ. ಯಾಕೆ ಫೋನ್ ಮಾಡ್ಲಿಲ್ಲ ನೀವು?”

“ಮುಂಬೈಯವ್ರು ನಮ್ಮ ಕೆಲಸ ಕೇಳ್ಕೊಂಡು ತಾವ ಮೊದಲ ಛಾಪಿಸಿಬಿಡ್ತಾರ ಅಂತ ಅಂಜಿಕಿ ರೀ.”

“ನಾನೂ ಅಷ್ಟೇ, ರಾಯಚೂರಿನವ್ರು ಛಾಪಿಸ್ತಾರೆ ಅಂತ!”

ಇಬ್ಬರೂ ನಕ್ಕುಬಿಟ್ಟರು. ನಕ್ಕದ್ದಕ್ಕೆ ನಾಚಿ ಬಾಯಿಗೆ ಕೈ ಅಡ್ಡ ಹಿಡಿದರು. ಅಳು ಬಾರದ ಆ ದಿನದಿಂದ ಶ್ರೀವಾಣಿಗೆ ಉಳಿದದ್ದು ಆ ನಗೆಯೊಂದೇ.

*

ಬೋರ್ಡಿನ ಪಕ್ಕದಲ್ಲಿದ್ದ ಫೋನ್ ಬಡಿದುಕೊಂಡಿತು.

“ಶ್ರೀವಾಣಿ, ನೀರು ತಿಳಿಯಾಯ್ತು!” ನಾಗವೇಣಿ ಕೂಗುತ್ತಿದ್ದಳು. “ಆವತ್ತು ನಿಮ್ಮ ಮನೆಯಿಂದ ಹೋದವರೇ ಇಬ್ಬರೂ ಕೆಲಸ ಶುರುಮಾಡಿದ್ವಿ. ಅವರ ಬ್ಯಾಕ್ಟೀರಿಯಾ, ನಮ್ಮ ಕೆಂಪು ನೀರು. ಬಾಟಲಿಯಾಚೆ ದಿಲೀಪ್ ಸರ್ ಮೀಸೆ ಕಾಣ್ತಿದೆ! ಲೇಖನ ಈಗಷ್ಟೇ ಆನ್‌ಲೈನ್ ಹಾಕಿದ್ವಿ. ಇಬ್ಬರ ಹೆಸರೂ ಇದೆ.”

“ಮೊದಲ್ನೇ ಹೆಸರು ಮೇಡಮ್‌ದು ಆತ್ರಿ,” ಹಿಂದಿನಿಂದ ದಿಲೀಪನ ದನಿ, “ಟಾಸ್ ಸೋತೆ!”

ಶ್ರೀವಾಣಿ ಲಿಂಕ್ ತೆರೆದು ಎರಡೂ ಹೆಸರು ಓದಿದಳು. ಆಸೆಯಲ್ಲ, ಲೇಖನವೇ. ಮಡಿಲಿನಿಂದ ಒಂದೆಳೆ ಆರಿಸಿ ಡೊಂಬಿವಲಿಯಿಂದ ರಾಯಚೂರಿಗೆ ಬಿಗಿದು ಕಟ್ಟಿದಳು. ಫೋಟೋ ತೆಗೆದು ಲಿಂಕಿನ ಜೊತೆ ಆಫೀಸಿಗೆ ಕಳಿಸಿದಳು. ಕಾಫಿ ಆರುವ ಮೊದಲೇ ಉತ್ತರ ಬಂತು: ಎರಡೂ ಉಳಿಯುತ್ತವೆ.

“ಗೆದ್ದನಾ?” ಅತ್ತೆ ಕೇಳಿದರು.

“ಗೆದ್ದರು, ಅತ್ತೆ.”

ಉಳಿದ ಸೂಜಿಗಳನ್ನೆಲ್ಲ ಕಿತ್ತು, ಬೋರ್ಡನ್ನು ಎತ್ತಿಕೊಂಡು ಮೆಟ್ಟಿಲಿಳಿದಳು. ಸೊಸೈಟಿಯ ಸೆಕ್ರೆಟರಿ ಶಿವರಾಯರು ಅದನ್ನು ಹಳೆಯ ಮೊಳೆಗೆ ತೂಗುಹಾಕಿದರು.

“ಅವಸರ ಏನಿತ್ರಿ, ವೈನಿ? ಅಯ್ಯ, ಬರೇ ತೂತು! ಈ ನೂಲು ತೆಗೀಲೇನು?”

“ಅದಿರಲಿ.”

ಶಿವರಾಯರು ಜೇಬಿನಿಂದ, ನಾಳೆ ನೀರು ಬರುವುದಿಲ್ಲವೆಂಬ ನೋಟಿಸ್ ತೆಗೆದರು. ಒಂದು ಬೆರಳಿನಿಂದ ನೂಲನ್ನು ಮೆಲ್ಲಗೆ ಎತ್ತಿ, ಕಾಗದವನ್ನು ಅದರಡಿ ಸಿಕ್ಕಿಸಿ ಕೈಬಿಟ್ಟರು. ಕಾಗದ ಬೀಳಲಿಲ್ಲ.