ಒಂದು ಸ್ಟಾರಿನ ಬ್ಯಾಗು

ಎರಡೇ ತಿಂಗಳಿಗೆ ಹಿಡಿ ಕಿತ್ತುಬಂತು ಎಂದು ಬರೆದವಳು, ಬ್ಯಾಗಿನೊಳಗೆ ತಾನು ಏನನ್ನು ಹೊತ್ತು ತಿರುಗುತ್ತಿದ್ದೆ ಎಂಬುದನ್ನು ಬರೆದಿರಲಿಲ್ಲ. ಕಲ್ಲು ಹೊತ್ತಿರಬಹುದು. ವಿಭಾ ಹಲ್ಲುಜ್ಜುತ್ತಲೇ ಹೆಬ್ಬೆರಳಿನಿಂದ ಫೋನಿನ ಪುಟವನ್ನು ಮೇಲಕ್ಕೆ ತಳ್ಳಿದಳು. ಬಣ್ಣ ಫೋಟೋದಲ್ಲಿದ್ದಂತಿಲ್ಲ. ಗೋಂದಿನ ವಾಸನೆ. ಜಿಪ್ ಅರ್ಧಕ್ಕೇ ನಿಲ್ಲುತ್ತದೆ. ಹೆಂಡತಿಗೆಂದು ಕೊಂಡ ಗಂಡಸೊಬ್ಬ, ಅವಳಿಗೆ ಇಷ್ಟವಾಗಲಿಲ್ಲ ಎಂದಷ್ಟೇ ಬರೆದು, ತನ್ನ ಸಿಟ್ಟು ಯಾರ ಮೇಲೆ ಎಂಬುದನ್ನು ಹೇಳದೆ ಬಿಟ್ಟಿದ್ದ.

ಒಂದು ವಾರದಿಂದ ಅವಳು ಈ ಬ್ಯಾಗಿನ ಮೇಲಿನ ಬೈಗುಳಗಳನ್ನು ಓದುತ್ತಿದ್ದಳು. ಹೊಗಳಿದವರು ಎರಡು ಪದ ಬರೆದು ಹೊರಟುಹೋಗಿದ್ದರು. ಬೈದವರು ಕೂತು ಬರೆದಿದ್ದರು. ಅವರ ಬರಹದಲ್ಲಿ ನಾದಿನಿಯ ಮದುವೆ ಬರುತ್ತಿತ್ತು, ಅನಿರೀಕ್ಷಿತ ಮಳೆ ಬರುತ್ತಿತ್ತು, ಆಫೀಸಿನ ಲಿಫ್ಟಿನಲ್ಲಿ ಆದ ಅವಮಾನ ಬರುತ್ತಿತ್ತು. ದಿನವೂ ಒಂದಿಷ್ಟು ಓದಿದರೆ ಅವಳಿಗೆ ಸಮಾಧಾನವಾಗುತ್ತಿತ್ತು.

ಬ್ಯಾಗು ಕಡುಹಸಿರು. ಮುಂಭಾಗದಲ್ಲಿ ವಿದೇಶದ ಡಿಸೈನರ್ ಒಬ್ಬನ ಸಹಿ, ಚಿನ್ನದ ಬಣ್ಣದ ಲೋಹದಲ್ಲಿ. ವಿಭಾಳಿಗೆ ಬ್ಯಾಗಿನ ಅಗತ್ಯವಿರಲಿಲ್ಲ. ಕೊಳ್ಳಲು ಅಡ್ಡಿಯೂ ಇರಲಿಲ್ಲ. ಇವೆರಡರಲ್ಲಿ ಒಂದಾದರೂ ಇದ್ದಿದ್ದರೆ ತೀರ್ಮಾನ ಸುಲಭವಾಗುತ್ತಿತ್ತು.

ತಿಂಡಿಯ ಹೊತ್ತಿಗೆ ಫೋನನ್ನು ಗಂಡ ಮಯೂರನ ಮುಂದೆ ಹಿಡಿದಳು. ಅವನು ದೋಸೆಯನ್ನು ಚಟ್ನಿಯಲ್ಲಿ ಅದ್ದುತ್ತಾ ತನ್ನ ಫೋನಿನಿಂದ ಕಣ್ಣು ಕಿತ್ತು ಇತ್ತ ನೋಡಿದ.

"ಸಖತ್ತಾಗಿದೆ. ತಗೊಂಬಿಡು. ನಮ್ದು ಹೇಗೂ ತುಂಬಾ ಸದ್ದು ಮಾಡುತ್ತೆ."

ವಿಭಾ ಫೋನನ್ನು ತನ್ನ ಕಡೆ ತಿರುಗಿಸಿಕೊಂಡಳು. ಪುಟ ತಾನಾಗಿಯೇ ಜಾರಿ, ಪರದೆಯ ಮೇಲೆ ಮಿಕ್ಸಿಯ ಜಾಹೀರಾತು ನಿಂತಿತ್ತು. ಅವಳು ತಿದ್ದಲು ಹೋಗಲಿಲ್ಲ. ಸಂಜೆ ಬನಶಂಕರಿಯಲ್ಲಿ ಅವನ ಸಹೋದ್ಯೋಗಿಯ ಮಗಳ ರಿಸೆಪ್ಷನ್ ಇದೆಯೆಂದೂ, ತಾನು ಆಫೀಸಿನಿಂದ ನೇರವಾಗಿ ಬರುವೆನೆಂದೂ, ಅವಳೂ ನೇರ ಬಂದುಬಿಡಬೇಕೆಂದೂ ಅವನು ನೆನಪಿಸಿದ. ಹದಿನೆಂಟು ವರ್ಷದ ಸಂಸಾರದಲ್ಲಿ ಅವರು ಒಮ್ಮೆಯೂ ದೊಡ್ಡ ದನಿಯಲ್ಲಿ ಜಗಳವಾಡಿರಲಿಲ್ಲ. ಬಂಧುಬಳಗದಲ್ಲಿ ಅದನ್ನು ಮೆಚ್ಚಿ ಮಾತಾಡುತ್ತಿದ್ದರು.

ವಿಭಾ ಕಿವಿ ಪರೀಕ್ಷೆ ಮಾಡುವವಳು. ಮೈಸೂರಿನಲ್ಲಿ ಅದನ್ನೇ ಓದಿ, ಜಯನಗರದ ಒಂಬತ್ತನೇ ಬ್ಲಾಕಿನಲ್ಲಿ ತನ್ನದೇ ಚಿಕ್ಕ ಕ್ಲಿನಿಕ್ ಇಟ್ಟುಕೊಂಡಿದ್ದಳು. ಗಾಜಿನ ಕಿಟಕಿಯಿರುವ, ಹೊರಗಿನ ಸದ್ದು ಒಳಬಾರದ ಕೋಣೆಯಲ್ಲಿ ಬಂದವರನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಡುತ್ತಿದ್ದಳು. ಸದ್ದು ಕೇಳಿಸಿದಾಗ ಅವರು ಅದನ್ನು ಒತ್ತಬೇಕು.

ಅಂದು ಮೊದಲು ಬಂದವರು ಬಸವನಗುಡಿಯ ಅನಂತಪದ್ಮನಾಭ. ಬ್ಯಾಂಕಿನಿಂದ ನಿವೃತ್ತರಾದವರು, ಇಸ್ತ್ರಿ ಮಾಡಿದ ಅರ್ಧ ತೋಳಿನ ಶರ್ಟು, ಮಿತಮಾತು. ವಿಭಾ ಸದ್ದನ್ನು ತಗ್ಗಿಸುತ್ತಾ ಹೋದಳು. ಅವರು ಒತ್ತಿದರು. ಇನ್ನೂ ತಗ್ಗಿಸಿದಳು. ಒತ್ತಿದರು. ಅನುಮಾನ ಬಂದು ಸದ್ದನ್ನು ಪೂರ್ತಿ ನಿಲ್ಲಿಸಿದಳು. ಗಾಜಿನ ಆಚೆ ಅವರು ತಲೆ ಕೊಂಚ ವಾಲಿಸಿ, ಕಣ್ಣು ಮುಚ್ಚಿ, ನೆಮ್ಮದಿಯಿಂದ ಗುಂಡಿ ಒತ್ತುತ್ತಲೇ ಇದ್ದರು.

ಹೊರಬಂದ ಮೇಲೆ, ಸದ್ದಿಲ್ಲದಾಗಲೂ ಒತ್ತಿದಿರಲ್ಲ ಎಂದು ಮೆಲ್ಲಗೆ ಕೇಳಿದಳು.

"ಇಷ್ಟು ಹೊತ್ತಿಗೆ ಸದ್ದು ಬರಬೇಕಿತ್ತಲ್ಲಮ್ಮ," ಎಂದರು ಅವರು. "ಅದಕ್ಕೇ ಒತ್ತಿದೆ."

ಇನ್ನೊಂದು ದಿನ ಬಂದು ಮತ್ತೆ ಪರೀಕ್ಷೆ ಮಾಡಿಸಿಕೊಳ್ಳುವಂತೆ ಅವರಿಗೆ ಹೇಳಿ ಕಳಿಸಿ, ವಿಭಾ ಮತ್ತೆ ಫೋನು ತೆರೆದಳು. ಇಂಗ್ಲಿಷ್ ಬೈಗುಳಗಳ ನಡುವೆ ಕನ್ನಡದಲ್ಲಿ ಬರೆದಿದ್ದ ಒಂದೇ ಒಂದು ಅಭಿಪ್ರಾಯ ಕಣ್ಣಿಗೆ ಬಿತ್ತು. ಬರೆದವಳು ಚಿಕ್ಕಲಸಂದ್ರದ ಸಮನ್ವಿತಾ ಎಂಬವಳು. ಕೊಟ್ಟಿದ್ದು ಒಂದು ಸ್ಟಾರ್. 'ಬ್ಯಾಗ್ ಚೆನ್ನಾಗಿದೆ. ಹೊಲಿಗೆ ಗಟ್ಟಿ. ಯಾರೂ ನೋಡಲಿಲ್ಲ.'

ವಿಭಾ ಅದನ್ನು ಎರಡು ಸಲ ಓದಿದಳು. ಮೊದಲು ನಗು ಬಂತು. ಆಮೇಲೆ, ಯಾರೋ ಹೇಳದೆ ಕೇಳದೆ ತನ್ನ ಮನೆಯೊಳಗೆ ಬಂದು ಸೋಫಾದ ಮೇಲೆ ಕೂತಂತಾಯಿತು. ಕೆಳಗೆ, ಬರೆದವರನ್ನು ಪ್ರಶ್ನೆ ಕೇಳಲು ಜಾಗವಿತ್ತು. 'ಯಾರು ನೋಡಬೇಕಿತ್ತು?' ಎಂದು ಟೈಪ್ ಮಾಡಿ, ಅದು ಒರಟಾಯಿತೇನೋ ಅನ್ನಿಸುವಷ್ಟರಲ್ಲಿ ಕಳಿಸಿಬಿಟ್ಟಿದ್ದಳು.

ಊಟದ ಹೊತ್ತಿಗೆ ಉತ್ತರ ಬಂತು. ಪ್ರಶ್ನೆಗೆ ಉತ್ತರವೇನೂ ಅದರಲ್ಲಿರಲಿಲ್ಲ. ನೀವು ಹೊಸದು ಕೊಳ್ಳುವ ಬದಲು ನನ್ನದನ್ನೇ ಬಂದು ನೋಡಿ ಎಂದು ಬರೆದು, ಮನೆಯ ಗುರುತು, ಫೋನ್ ನಂಬರು ಕೊಟ್ಟಿದ್ದಳು.

ಮಧ್ಯಾಹ್ನ ಇದ್ದವರನ್ನೆಲ್ಲ ಮರುದಿನಕ್ಕೆ ಹಾಕಲು ವಿಭಾ ರಿಸೆಪ್ಷನಿಸ್ಟ್ ಶ್ರೀದೇವಿಗೆ ಹೇಳಿದಳು. ತಲೆನೋವಾ ಮೇಡಂ ಎಂದು ಶ್ರೀದೇವಿ ಕೇಳಿದ್ದಕ್ಕೆ ಹೌದೆಂದಳು. ಆಟೋದಲ್ಲಿ ಕೂತ ಮೇಲೆ ನಿಜಕ್ಕೂ ತಲೆನೋವು ಇದೆಯೇ ಎಂದು ಪರೀಕ್ಷಿಸಿಕೊಂಡಳು. ಇರಲಿಲ್ಲ. ಶಾಲೆ ತಪ್ಪಿಸಿ ಹೊರಟವಳ ಹಾಗೆ ಹಗುರಾಗಿದ್ದಳು. ಪದ್ಮನಾಭನಗರ ದಾಟುವಾಗ ಗಾಳಿಗೆ ಕೂದಲು ಕೆದರಿದ್ದನ್ನೂ ಸರಿಮಾಡಿಕೊಳ್ಳಲಿಲ್ಲ.

ಸಮನ್ವಿತಾ ಅವಳಿಗಿಂತ ಏಳೆಂಟು ವರ್ಷ ಚಿಕ್ಕವಳು. ವಿಮಾ ಕಂಪನಿಯೊಂದರ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದಳು. ಬಾಗಿಲು ತೆರೆದವಳೇ, ನೀವು ಬರಲ್ಲ ಅಂದುಕೊಂಡಿದ್ದೆ ಎಂದು ನಕ್ಕಳು. ಮಜ್ಜಿಗೆ ತಂದಿಟ್ಟಳು. ಬೀರುವಿನಿಂದ ಬಿಳಿ ಬಟ್ಟೆಯ ಚೀಲವೊಂದನ್ನು ತಂದು, ಅದರೊಳಗಿಂದ ಬ್ಯಾಗನ್ನು ಎರಡೂ ಕೈಯಲ್ಲಿ ಎತ್ತಿ ಟೀಪಾಯಿಯ ಮೇಲಿಟ್ಟಳು.

ಬಣ್ಣ ಫೋಟೋದಲ್ಲಿದ್ದಂತೆಯೇ ಇತ್ತು. ವಿಭಾ ಜಿಪ್ ಎಳೆದಳು, ಕೊನೆಯವರೆಗೂ ಹೋಯಿತು. ಮೂಸಿದಳು, ತೊಗಲಿನ ವಾಸನೆಯಷ್ಟೇ. ವಾರಪೂರ್ತಿ ಓದಿದ ಬೈಗುಳಗಳೆಲ್ಲ ಒಂದೊಂದಾಗಿ ಸುಳ್ಳಾಗುತ್ತಾ ಬಂದಂತೆ ಅವಳಿಗೆ ಕಳವಳ ಹೆಚ್ಚಿತು.

ಸಮನ್ವಿತಾ ಕತೆ ಹೇಳುವವಳ ಹುರುಪಿನಲ್ಲಿ ಹೇಳಿದಳು. ಪ್ರಮೋಷನ್ ಸಿಕ್ಕಾಗ ತನಗೆ ತಾನೇ ಕೊಂಡದ್ದು. ಅದನ್ನು ಹಿಡಿದು ಹೆಡ್ಡಾಫೀಸಿನ ಮೀಟಿಂಗಿಗೆ ಹೋದಳು, ತವರಿಗೆ ಹೋದಳು, ಎರಡು ಮದುವೆಗೆ ಹೋದಳು. ಒಬ್ಬರೂ ಒಂದು ಮಾತಾಡಲಿಲ್ಲ. ಕೊನೆಗೆ ಒಂದು ರಾತ್ರಿ ಊಟದ ಮೇಜಿನ ನಟ್ಟನಡುವೆ, ಸಾರಿನ ಪಾತ್ರೆ ಇರಬೇಕಾದ ಜಾಗದಲ್ಲಿ ಇಟ್ಟಳಂತೆ. ಗಂಡ ಲಿಖಿತ್ ಬಂದು, ಅದನ್ನು ಒಂದು ಕೈಯಲ್ಲಿ ಪಕ್ಕಕ್ಕೆ ಸರಿಸಿ, ಸಾರು ಎಲ್ಲಿ ಎಂದನಂತೆ.

"ಕೆಟ್ಟವರಲ್ಲ ಅವರು," ಎಂದಳು. "ಸಾರು ಚೆನ್ನಾಗಿದೆ ಅಂತಾನೂ ಹೇಳಿದ್ರು."

ಇಬ್ಬರೂ ನಕ್ಕರು. ವಿಭಾ ಮಿಕ್ಸಿಯ ಪ್ರಸಂಗ ಹೇಳಿದಳು. ಮತ್ತೆ ನಕ್ಕರು. ನಗು ನಿಂತ ಮೇಲೆ ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯದೆ, ಬ್ಯಾಗನ್ನೇ ನೋಡುತ್ತಾ ಕೂತರು. ಯಾರೂ ನೋಡದ ಬ್ಯಾಗನ್ನು ಈಗ ಇಬ್ಬರು ನೋಡುತ್ತಿದ್ದಾರೆ ಎಂದು ವಿಭಾಳಿಗೆ ಹೊಳೆಯಿತು. ಆದರೆ ಅದು ಲೆಕ್ಕಕ್ಕೆ ಬರುವಂಥದ್ದಲ್ಲ.

"ಒಂದು ಕೆಲ್ಸ ಮಾಡಿ," ಎಂದಳು ಸಮನ್ವಿತಾ. "ಇವತ್ತು ಇಟ್ಕೊಳ್ಳಿ. ಎಲ್ಲಾದ್ರೂ ನಾಲ್ಕು ಜನ ಇರೋ ಕಡೆ ಹೋಗಿ. ಯಾರಾದ್ರೂ ಏನಾದ್ರೂ ಅಂದ್ರೆ ನನಗೆ ಫೋನ್ ಮಾಡಿ."

"ಅನ್ನದಿದ್ರೆ?"

"ಅನ್ನದಿದ್ರೆ ತಪ್ಪು ಬ್ಯಾಗಿಂದು."

ಉಳಿದರ್ಧವನ್ನು ಅವಳು ಹೇಳಲಿಲ್ಲ. ಗುರುತು ಪರಿಚಯವಿಲ್ಲದ ತನಗೆ ಇಷ್ಟು ಬೆಲೆಯ ವಸ್ತುವನ್ನು ಹೇಗೆ ಕೊಡುತ್ತೀರಿ ಎಂದು ವಿಭಾ ಕೇಳಿದ್ದಕ್ಕೆ, ಕದ್ದುಕೊಂಡು ಹೋಗುವಷ್ಟು ಇಷ್ಟವಾದರೆ ಅದೂ ಒಳ್ಳೆಯದೇ ಎಂದುಬಿಟ್ಟಳು. ಮಾತು ತಮಾಷೆಯದಾದರೂ ಬಾಗಿಲ ಬಳಿ ಅವಳ ಕೈ ಬ್ಯಾಗಿನ ಮೇಲೆ ಒಂದು ಕ್ಷಣ ಹೆಚ್ಚಾಗಿಯೇ ಉಳಿಯಿತು.

ರಿಸೆಪ್ಷನ್ನಿಗೆ ವಿಭಾ ಬೇಗ ಬಂದಳು. ತನ್ನ ಸಾಮಾನನ್ನು ಆ ಬ್ಯಾಗಿಗೆ ತುಂಬಲು ಅವಳಿಗೆ ಮನಸ್ಸಾಗಿರಲಿಲ್ಲ. ಕೊಂಡಿರದ ಮನೆಯಲ್ಲಿ ಹಾಲುಕ್ಕಿಸಿದ ಹಾಗಾಗುತ್ತದೆ. ಡಬ್ಬಿ, ನೀರಿನ ಬಾಟಲಿ, ಕನ್ನಡಕವೆಲ್ಲ ಇದ್ದ ಹಳೆಯ ಬಟ್ಟೆ ಚೀಲವನ್ನು ಬಾಗಿಲಲ್ಲೇ ಸಿಕ್ಕಿದ ಮಯೂರನಿಗೆ ಕೊಟ್ಟು ಸ್ಕೂಟರಿನ ಡಿಕ್ಕಿಯಲ್ಲಿಡಲು ಹೇಳಿದಳು. ಫೋನು, ಮೆಟ್ರೋ ಕಾರ್ಡು ಕೈಯಲ್ಲಿದ್ದವು. ಖಾಲಿ ಬ್ಯಾಗು ಮೊಣಕೈಯಲ್ಲಿ ತೂಗುತ್ತಿತ್ತು.

ಜನ ಚೆನ್ನಾಗಿಯೇ ಸೇರಿದ್ದರು. ವಿಭಾ ಬೆಳಕಿರುವ ಕಡೆ ನಿಂತಳು. ನಮಸ್ಕಾರ ಮಾಡುವಾಗ ಬ್ಯಾಗು ಎದೆಯ ಮಟ್ಟಕ್ಕೆ ಬರುವಂತೆ ಕೈಯೆತ್ತಿದಳು. ಸಹೋದ್ಯೋಗಿಯ ಹೆಂಡತಿ ವಿಜಯಲಕ್ಷ್ಮಿ ಅವಳ ಸೀರೆಯ ಸೆರಗು ಹಿಡಿದು ನೋಡಿ, ಎಲ್ಲಿ ತಗೊಂಡಿದ್ದೆಂದು ಕೇಳಿ, ಮುಂದಕ್ಕೆ ಹೋದರು. ಅದು ಮೂರು ವರ್ಷದ ಹಳೆಯ ಸೀರೆ. ವಿಭಾ ಬ್ಯಾಗನ್ನು ಪಕ್ಕದ ಕುರ್ಚಿಯ ಮೇಲೆ, ಸಹಿ ಕಾಣುವಂತೆ ಕೂರಿಸಿದಳು. ಸ್ವಲ್ಪ ಹೊತ್ತಿಗೆ ಮೈಸೂರು ಸಿಲ್ಕ್ ಉಟ್ಟ ಹೆಂಗಸೊಬ್ಬರು ಅವಳತ್ತ ಬಗ್ಗಿ, ಬ್ಯಾಗನ್ನೇ ನೋಡುತ್ತಾ ಕೇಳಿದರು.

"ಇದು ನಿಮ್ದಾ?"

ವಿಭಾ ನೆಟ್ಟಗೆ ಕೂತಳು. "ಹೌದು," ಎಂದಳು. ಸುಳ್ಳು ಎಷ್ಟು ಸರಾಗವಾಗಿ ಬಂತೆಂದು ಅವಳಿಗೇ ಆಶ್ಚರ್ಯವಾಯಿತು.

"ಸ್ವಲ್ಪ ತೆಗೀತೀರಾ? ನಮ್ಮತ್ತೆ ಕೂತ್ಕೋಬೇಕಿತ್ತು."

ಬ್ಯಾಗು ಅವಳ ತೊಡೆಯ ಮೇಲೆ ಬಂತು. ಅತ್ತೆಯವರು ಕೂತು ಬಾದಾಮಿ ಹಾಲು ಕುಡಿದರು.

ಊಟ ಮುಗಿಸಿ ಹೊರಬಂದಾಗ ಮಯೂರ, ಸಹೋದ್ಯೋಗಿಯ ವಯಸ್ಸಾದ ಸೋದರತ್ತೆ ಅಲಮೇಲು ಅವರನ್ನು ಇಟ್ಟಮಡುವಿನ ಮನೆಗೆ ಬಿಟ್ಟು ಬರಬೇಕಾಗಿದೆ, ನೀನು ಮೆಟ್ರೋದಲ್ಲಿ ಹೋಗಿಬಿಡು ಎಂದ. ಅವನು ಹೆಲ್ಮೆಟ್ ಹಾಕಿಕೊಳ್ಳುವುದನ್ನು ವಿಭಾ ನೋಡುತ್ತಾ ನಿಂತಳು. ಕೇಳಬಾರದೆಂದು ದಿನವಿಡೀ ಅಂದುಕೊಂಡಿದ್ದನ್ನು ಕೇಳಿಯೇಬಿಟ್ಟಳು.

"ಈ ಬ್ಯಾಗ್ ಹೇಗಿದೆ?"

ಅವನು ಹೆಲ್ಮೆಟ್ಟಿನ ಗಾಜು ಎತ್ತಿ, ಪ್ರಾಮಾಣಿಕವಾಗಿ, ಸಾಕಷ್ಟು ಹೊತ್ತು ನೋಡಿದ.

"ಚೆನ್ನಾಗೇ ಇದೆಯಲ್ಲ. ಯಾಕೆ, ಹಾಳಾಯ್ತಾ? ಯಾವಾಗ್ಲೂ ಇದನ್ನೇ ಹಿಡ್ಕೋತೀಯಲ್ಲ ನೀನು."

ಅವನ ದನಿಯಲ್ಲಿ ಅಕ್ಕರೆಯಿತ್ತು. ವಿಭಾಳಿಗೆ ತಾನು ತಿದ್ದುವ ಮೊದಲೇ ಒಂದು ವಿಚಿತ್ರ ಶಂಕೆ ಬಂತು: ಬಹುಶಃ ಹೌದೇನೋ. ಅವನ ಕಣ್ಣಿನಲ್ಲಿ ಹಲವು ವರ್ಷಗಳಿಂದ ಹೆಂಗಸೊಬ್ಬಳು ಕಡುಹಸಿರು ಬ್ಯಾಗು ಹಿಡಿದು ಮನೆಯೊಳಗೆ ಓಡಾಡುತ್ತಿದ್ದಾಳೆ. ಅವಳ ಜೊತೆ ಅವನು ಸುಖವಾಗಿಯೇ ಇದ್ದಾನೆ. ಸ್ಕೂಟರು ಅಲಮೇಲು ಅವರನ್ನು ಹತ್ತಿಸಿಕೊಂಡು, ನಿಧಾನವಾಗಿ, ರಸ್ತೆಯ ಉಬ್ಬನ್ನು ಜೋಪಾನವಾಗಿ ದಾಟಿ ಹೋಯಿತು.

ಬನಶಂಕರಿ ಮೆಟ್ರೋ ನಿಲ್ದಾಣದ ಮೆಟ್ಟಿಲ ಬಳಿ ನಿಂತು ಅವಳು ಸಮನ್ವಿತಾಗೆ ಫೋನ್ ಮಾಡಿದಳು. ಒಂದೇ ರಿಂಗಿಗೆ ಆ ಕಡೆಯಿಂದ ಎತ್ತಿದಳು.

"ಯಾರಾದ್ರೂ ಅಂದ್ರಾ?"

ಅಂದರು ಎಂದರೆ, ತಪ್ಪು ಬ್ಯಾಗಿನದಲ್ಲ, ಅದನ್ನು ಹಿಡಿದು ತಿರುಗಿದ ಸಮನ್ವಿತಾಳದು ಎಂದಾಗುತ್ತದೆ. ಇಲ್ಲ ಎಂದರೆ 'ಯಾರೂ ನೋಡಲಿಲ್ಲ' ಎಂಬ ಮಾತು ತನಗೂ ಸೇರುತ್ತದೆ. ಇಷ್ಟು ದಿನ ಬೇರೆಯವರ ಕಿವಿಯ ಸೂಕ್ಷ್ಮ ಅಳೆದವಳಿಗೆ, ಆ ತುದಿಯಲ್ಲಿ ಉಸಿರು ಬಿಗಿಹಿಡಿದಿರುವುದು ಸ್ಪಷ್ಟವಾಗಿ ಕೇಳಿಸಿತು.

"ನನ್ನ ಗಂಡ ಅಂದ್ರು," ಎಂದಳು.

"ಏನಂತ?"

"ನನ್ನ ಹತ್ರ ಮೊದ್ಲಿಂದಾನೂ ಇತ್ತು ಅಂತ."

ಸಮನ್ವಿತಾ ನಗತೊಡಗಿದಳು. ಮಧ್ಯಾಹ್ನದ್ದೇ ನಗು. ವಿಭಾ ಕೂಡ ಸೇರಿಕೊಂಡಳು. ಮೆಟ್ಟಿಲೇರುತ್ತಿದ್ದ ಒಬ್ಬಿಬ್ಬರು ತಿರುಗಿ ನೋಡಿದರು. ಆಮೇಲೆ ಆ ಕಡೆಯ ನಗು ನಡುವೆಯೇ ಎಲ್ಲೋ ನಿಂತಿತು. ವಿಭಾ ಒಬ್ಬಳೇ ಕೊಂಚ ಹೊತ್ತು ಮುಂದುವರಿಸಿ ತಾನೂ ನಿಲ್ಲಿಸಿದಳು.

"ಹಾಗಾದ್ರೆ ಇಟ್ಕೋತೀರಾ?"

"ನಾಳೆ ಹೇಳ್ತೀನಿ."

"ನಿಧಾನಕ್ಕೆ ಹೇಳಿ," ಎಂದಳು ಸಮನ್ವಿತಾ. "ನನಗೇನೂ ಅವಸರ ಇಲ್ಲ."

ನಿಲ್ದಾಣದೊಳಗೆ ತಪಾಸಣೆಯ ಸಾಲು ಉದ್ದವಿತ್ತು. ಆಫೀಸು ಬಿಟ್ಟವರು, ಮಾರ್ಕೆಟ್ಟಿನಿಂದ ಬಂದವರು, ಬೆನ್ನಿಗೆ ಲ್ಯಾಪ್‌ಟಾಪ್ ಹೇರಿಕೊಂಡ ಹುಡುಗಿಯರು. ವಿಭಾ ತನ್ನ ಸರದಿ ಬಂದಾಗ ಬ್ಯಾಗನ್ನು ಎಕ್ಸ್‌ರೇ ಯಂತ್ರದ ಬೆಲ್ಟಿನ ಮೇಲಿಟ್ಟು, ಹೆಂಗಸರ ಪರದೆಯ ಹಿಂದೆ ಕೈಚಾಚಿ ನಿಂತು, ಈಚೆ ಬಂದಳು. ಬ್ಯಾಗು ಬಂದಿರಲಿಲ್ಲ. ಬೆಲ್ಟು ನಿಂತಿತ್ತು.

ಯಂತ್ರದ ಮುಂದೆ ಕೂತಿದ್ದ ಗಾರ್ಡ್ ಅದರ ಪರದೆಯತ್ತ ಬಗ್ಗಿದ್ದಳು.

"ಹಸಿರು ಬ್ಯಾಗ್ ಯಾರ್ದು?"

ವಿಭಾ ಯಂತ್ರದತ್ತ ಒಂದು ಹೆಜ್ಜೆ ಮುಂದೆ ಬಂದಳು. "ನಂದು."

"ಏನಿದೆ ಮೇಡಂ ಇದರಲ್ಲಿ?"

"ಏನೂ ಇಲ್ಲ."

"ಏನೂ ಇಲ್ವಾ?"

ಗಾರ್ಡ್ ನಂಬಲಿಲ್ಲ. ಇನ್ನೊಬ್ಬಳನ್ನು ಕರೆದಳು. ಅವಳೂ ಬಗ್ಗಿದಳು. ಸಾಲು ನಿಂತುಹೋದದ್ದರಿಂದ ಹಿಂದಿದ್ದವರು ಕತ್ತು ಚಾಚಿದರು. ಅಮ್ಮನ ಹೆಗಲ ಮೇಲಿದ್ದ ಮಗುವೊಂದು ಬೆರಳು ತೋರಿಸಿತು. ಎಲ್ಲರೂ ಅದನ್ನೇ ನೋಡುತ್ತಿದ್ದರು. ಪರದೆಯ ಮೇಲೆ ಬ್ಯಾಗಿನ ಗೆರೆಗಳಿದ್ದವು: ಎರಡು ಹಿಡಿ, ಜಿಪ್ಪಿನ ಹಲ್ಲುಸಾಲು, ಲೋಹದ ಅಕ್ಷರಗಳಲ್ಲಿ ಯಾರದೋ ಸಹಿ. ಅವುಗಳ ನಡುವೆ ಬರೀ ಬೆಳಕು.

"ಇನ್ನೊಂದ್ಸಲ ಹಾಕ್ತೀನಿ, ಇರಿ," ಎಂದಳು ಗಾರ್ಡ್.

ಬೆಲ್ಟು ಹಿಂದಕ್ಕೆ ಚಲಿಸಿತು. ರಬ್ಬರ್ ಪಟ್ಟಿಗಳು ಸರಿದು, ಬ್ಯಾಗು ಆ ಬದಿಗೆ ಹೊರಬಂದು, ಮತ್ತೆ ಕತ್ತಲೊಳಗೆ ಹೋಯಿತು. ವಿಭಾ ಈ ಬದಿಯಲ್ಲಿ, ಅದನ್ನು ಎತ್ತಿಕೊಳ್ಳಲು ಎರಡೂ ಕೈ ಚಾಚಿಕೊಂಡು ನಿಂತಿದ್ದಳು.