ನಾಲ್ಕು ದೂಪೆ

ಪೆರ್ಲಮಲೆಯ ಚರಿತ್ರೆಯನ್ನು ಯಾರೂ ಬರೆದಿಟ್ಟಿಲ್ಲ. ಗುಡ್ಡದ ಮೇಲೆ ಆರು ಮನೆ. ಸುಳ್ಯದ ಬಸ್ಸು ಹಿಡಿಯಲು ಎರಡು ಗಂಟೆ ಇಳಿಯಬೇಕು. ಜತ್ತಪ್ಪನ ಮನೆಯವರು ನಾಲ್ಕು ತಲೆಮಾರಿನಿಂದ ಗೇಣಿ ಅಳೆದರೂ ಧಣಿಗಳು ಒಂದು ಚೀಟಿ ಕೊಟ್ಟಿರಲಿಲ್ಲ, ಇವರೂ ಕೇಳಿರಲಿಲ್ಲ.

ಉಳುವವನೇ ಒಡೆಯ ಎಂಬ ಕಾನೂನು ಬಂದ ಮೇಲೆ, ಎಪ್ಪತ್ತಾರರಲ್ಲಿ ಜತ್ತಪ್ಪ ಭೂಮಿಗೆ ಅರ್ಜಿ ಹಾಕಿದ. ಧಣಿಯ ಮಗ ಮಹಾಬಲ, ‘ಇವನು ಎಂಟು ವರ್ಷದ ಹಿಂದೆ ಕೂಲಿಗೆ ಬಂದವ’ ಎಂದು ತಕರಾರು ಕೊಟ್ಟ. ಗುರುವಾರ ಸ್ಥಳ ತನಿಖೆ. ಬುಧವಾರ ಜತ್ತಪ್ಪ ಪುತ್ತೂರಿನ ವಕೀಲರಲ್ಲಿಗೆ ಓಡಿದ.

“ನಿಮ್ಮ ಹಿರಿಯರನ್ನು ಸುಟ್ಟದ್ದು ಎಲ್ಲಿ?” ವಕೀಲರು ಕೇಳಿದರು.

“ಗದ್ದೆಯ ಮೇಲಿನ ಮೂಲೆಯಲ್ಲಿ. ಸುಟ್ಟಲ್ಲಿ ಮಣ್ಣು ಏರಿಸಿದ ನಾಲ್ಕು ದೂಪೆ ಉಂಟು.”

“ಅದನ್ನೇ ತೋರಿಸು ಮಾರಾಯ. ಕೂಲಿಗೆ ಬಂದವ ಅಜ್ಜನನ್ನು ಹೊತ್ತುಕೊಂಡು ಬರ್ತಾನಾ?”

ಕಡೆಯ ಬಸ್ಸು ತಪ್ಪಿತ್ತು. ಮರುದಿನ ಜತ್ತಪ್ಪ ಗುಡ್ಡ ಹತ್ತಿದ್ದು ರೆವಿನ್ಯೂ ಇನ್ಸ್‌ಪೆಕ್ಟರರ ಜೊತೆಗೇ. ಮಹಾಬಲ ಗದ್ದೆಯ ಬದುವಿನಲ್ಲಿ ಕೊಡೆ ಹಿಡಿದು ಕಾಯುತ್ತಿದ್ದ.

ಮೇಲಿನ ಮೂಲೆಯಲ್ಲಿ ದಿಬ್ಬಗಳಿರಲಿಲ್ಲ. ಅಗೆದು ಸಮ ಮಾಡಿದ ಕೆಂಪು ಮಣ್ಣು, ಸಾಲಾಗಿ ಬಾಳೆಕಂದು. ಜತ್ತಪ್ಪನ ತಮ್ಮ ಸೀನ ಕೈ ಒರೆಸಿಕೊಳ್ಳುತ್ತ ನಿಂತಿದ್ದ.

“ಇದು ಯಾವಾಗ ನೆಟ್ಟದ್ದು?” ಇನ್ಸ್‌ಪೆಕ್ಟರ್ ಕೇಳಿದರು.

“ನಿನ್ನೆ, ಸ್ವಾಮಿ.” ಸೀನ ಹೆಮ್ಮೆಯಿಂದಲೇ ಹೇಳಿದ.

“ಬರ್ಕೊಳ್ಳಿ ಸಾರ್,” ಎಂದ ಮಹಾಬಲ. “ನಿನ್ನೆಯಿಂದ ಸಾಗುವಳಿ.”

ಜತ್ತಪ್ಪ ತಮ್ಮನ ತೋಳು ಹಿಡಿದ. “ದೂಪೆ ಎಲ್ಲಿ?”

“ಸ್ಮಶಾನ ಅಂತ ಬರೆದ್ರೆ ಜಾಗ ಸರ್ಕಾರಕ್ಕೆ ಹೋಗ್ತದಲ್ಲ ಅಣ್ಣ, ಅದಕ್ಕೇ ಸಮ ಮಾಡಿದ್ದು. ಕೈಮುಗಿದೇ ಹಾರೆ ತಾಗಿಸಿದೆ.” ಅಣ್ಣನ ಮುಖ ನೋಡಿ ಸೀನನ ಸ್ವರ ಇಳಿಯಿತು. “ಎಂತಾಯ್ತು?”

ಇನ್ಸ್‌ಪೆಕ್ಟರರು ಗಡಿಯಾರ ನೋಡಿಕೊಂಡರು. ಜತ್ತಪ್ಪ ಬಾಳೆಕಂದುಗಳ ನಡುವೆ ಹೆಜ್ಜೆ ಅಳೆದ. “ಇಲ್ಲಿ ಅಪ್ಪ, ಸ್ವಾಮಿ. ಇಲ್ಲಿ ಅಜ್ಜಿ. ಇಲ್ಲಿ ಅಜ್ಜ. ಆ ಕಲ್ಲಿನ ಹತ್ತಿರ ಅವನ ಅಪ್ಪ.”

“ಬಾಯಿಮಾತು ಬರೆಯಲಿಕ್ಕೆ ಆಗುದಿಲ್ಲ. ಕಾಣಬೇಕು.”

ದೂಪೆಗೆ ಹಾರೆ ತಾಗಿಸುವ ಕ್ರಮ ಆ ಊರಿನಲ್ಲಿಲ್ಲ. ಸೀನ ಮೇಲಿನ ಮಣ್ಣನ್ನಷ್ಟೇ ಎಳೆದಿದ್ದ. ಜತ್ತಪ್ಪ ಅವನ ಹಾರೆ ಎತ್ತಿಕೊಂಡು ಅಪ್ಪನ ಜಾಗದಲ್ಲಿದ್ದ ಕಂದನ್ನು ಕಿತ್ತೆಸೆದು ಅಗೆದ. ಮೊಣಕಾಲು ಆಳದಲ್ಲಿ ಮಣ್ಣು ಕಪ್ಪಾಯಿತು. ಇದ್ದಿಲು, ಒಂದು ಬಿಳಿ ಚೂರು. ಅದನ್ನು ಅಡಿಕೆ ಹಾಳೆಯ ಮೇಲೆ ತೆಗೆದು ಇನ್ಸ್‌ಪೆಕ್ಟರರ ಮುಂದೆ ಹಿಡಿದ. ಅವರು ಒಂದು ಹೆಜ್ಜೆ ಹಿಂದೆ ಸರಿದರು.

“ಹಂದಿ ಸುಟ್ಟದ್ದಿರಬಹುದು,” ಎಂದ ಮಹಾಬಲ.

ಜತ್ತಪ್ಪ ಅವನ ಕಡೆ ನೋಡಲಿಲ್ಲ. ಹಾಳೆಯನ್ನು ನೆಲದ ಮೇಲಿಟ್ಟ.

“ಸೀನ, ಇನ್ನೊಂದು ಹಾರೆ ತಾ. ನೀನು ಅಜ್ಜನನ್ನು ಅಗೆ.”