ಕೋಣೆಗಳು ಮೂರು, ಮೈ ಒಂದೇ

ಮನೆಯಲ್ಲಿ ಒಬ್ಬರು ಮಲಗಿದರೆ ಇನ್ನೊಬ್ಬರು ಓಡಬೇಕು. ಆಸ್ಪತ್ರೆ ಕಂಡವರಿಗೆಲ್ಲ ಇದು ಗೊತ್ತು. ಚೀಟಿ ಮಾಡಿಸಬೇಕು, ಸಾಲಿನಲ್ಲಿ ನಿಲ್ಲಬೇಕು, ಒಂದು ಕೋಣೆಯಲ್ಲಿ ಹೇಳಿದ್ದನ್ನೇ ಇನ್ನೊಂದು ಕೋಣೆಯಲ್ಲಿ ಮತ್ತೆ ಮೊದಲಿನಿಂದ ಹೇಳಬೇಕು. ಈ ಕಥೆಯಲ್ಲಿ ಓಡಿದವಳು ಸೊಸೆ. ಮಲಗಿದವರು ಅವಳ ಮಾವ.

ಮಾವ ಟೈಲರ್. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಮೇಜು, ಒಂದು ಹೊಲಿಗೆ ಯಂತ್ರ ಹಿಡಿಸುವಷ್ಟು ಅಂಗಡಿ. ಮನೆಗೆ ನೆಂಟರು ಬಂದರೂ ಮೊದಲು ಅವರ ಅಂಗಿಯ ಕಾಲರ್ ನೋಡಿ, ಆಮೇಲೆ ಮುಖ ನೋಡುವ ಮನುಷ್ಯ. ಅಂಥವರು ಒಂದು ಬೆಳಿಗ್ಗೆ ತಮ್ಮ ಅಂಗಿಯ ಗುಂಡಿ ಹಾಕಿಕೊಳ್ಳಲಾರದೆ ಮಂಚದ ಅಂಚಿನಲ್ಲಿ ಕುಳಿತುಬಿಟ್ಟರು. ಮುಖ ಊದಿತ್ತು. ಎರಡು ದಿನದಿಂದ ಮೂತ್ರ ಸರಿಯಾಗಿ ಹೋಗಿರಲಿಲ್ಲ. ಏನು ಕೇಳಿದರೂ ಉತ್ತರ ತಡವಾಗಿ ಬರುತ್ತಿತ್ತು, ಅದೂ ಅರ್ಧ.

ಗಂಡ ಲಾರಿ ಓಡಿಸುವವನು, ಊರಲ್ಲಿರಲಿಲ್ಲ. ಸೊಸೆ ತಾನೇ ಆಟೊ ಹಿಡಿದು ಮಾವನನ್ನು ದೊಡ್ಡಾಸ್ಪತ್ರೆಗೆ ಕರೆತಂದಳು. ಅವರ ಎದೆಯ ಕಾಯಿಲೆಗೆ ಅಲ್ಲಿಯ ಹೃದಯದ ಡಾಕ್ಟರೇ ಔಷಧಿ ಕೊಡುತ್ತಿದ್ದುದು. ಒಂದು ರಕ್ತದೊತ್ತಡಕ್ಕೆ, ಇನ್ನೊಂದು ಮೈಯಲ್ಲಿ ನೀರು ನಿಲ್ಲದಂತೆ. ಹೃದಯದ ಡಾಕ್ಟರ್ ನೋಡಿ, ಎದೆ ಸರಿಯಾಗಿಯೇ ಇದೆ, ಕಿಡ್ನಿ ವಿಭಾಗಕ್ಕೆ ಹೋಗಿ ಅಂದರು. ಕಿಡ್ನಿ ವಿಭಾಗದವರು ರಕ್ತ ತೆಗೆಸಿ ಬನ್ನಿ ಅಂದರು. ರಕ್ತ ತೆಗೆಯುವವರು ಚೀಟಿಯಲ್ಲಿ ಮುದ್ರೆ ಇಲ್ಲ ಎಂದು ವಾಪಸ್ ಕಳಿಸಿದರು. ಅಷ್ಟು ಹೊತ್ತೂ ಮಾವ ಗಾಲಿಕುರ್ಚಿಯಲ್ಲಿ ತಲೆ ವಾಲಿಸಿಕೊಂಡು ಕುಳಿತಿದ್ದರು. ಅವರ ಬಾಯಿಂದ ಇಳಿದ ಜೊಲ್ಲನ್ನು ಸೊಸೆ ತನ್ನ ಸೆರಗಿನಲ್ಲೇ ಒರೆಸಿದಳು.

ಸಂಜೆ ಹೊತ್ತಿಗೆ ವಾರ್ಡಿನಲ್ಲಿ ಹಾಸಿಗೆ ಸಿಕ್ಕಿತು. ಕಿಡ್ನಿ ಡಾಕ್ಟರ್ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕಿಡ್ನಿ ಕೆಲಸ ನಿಲ್ಲಿಸುತ್ತಾ ಬಂದಿದೆ. ಕಾರಣ ಸಿಕ್ಕರೆ ತಿರುಗಿ ಬರಬಹುದು. ಸಿಗದಿದ್ದರೆ ರಕ್ತ ಶುದ್ಧ ಮಾಡಲು ಡಯಾಲಿಸಿಸ್ ಯಂತ್ರಕ್ಕೆ ಹಾಕಬೇಕು, ಅದು ಎಷ್ಟು ಕಾಲ ಬೇಕಾದೀತೋ ಹೇಳಲಾಗದು. ನೋವಿನ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಾರಾ ಎಂದು ಅವರು ಕೇಳಿದರು. ಇಲ್ಲ ಎಂದಳು ಸೊಸೆ. ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಮಾವ ಕಣ್ಣು ಮುಚ್ಚಿಕೊಂಡಿದ್ದರು.

ಮರುದಿನ ಬೆಳಿಗ್ಗೆ ಕುರ್ಚಿ ಎಳೆದುಕೊಂಡು ಹಾಸಿಗೆಯ ಪಕ್ಕ ಒಬ್ಬಳು ಬಂದು ಕುಳಿತಳು. ಕೊರಳಲ್ಲಿ ಸ್ಟೆತಾಸ್ಕೋಪ್ ಇಲ್ಲ, ಕೈಯಲ್ಲಿ ಸೂಜಿ ಇಲ್ಲ. ತಾನು ಆರೈಕೆ ಸಂಯೋಜಕಿ, ಮೊದಲು ಇದೇ ವಾರ್ಡಿನಲ್ಲಿ ನರ್ಸ್ ಆಗಿದ್ದೆ, ಇನ್ನು ಮುಂದೆ ನಿಮ್ಮ ಮಾವನ ಕೇಸು ಮೊದಲಿಂದ ಕೊನೆವರೆಗೆ ನಾನು ನೋಡಿಕೊಳ್ಳುತ್ತೇನೆ ಎಂದಳು.

ಸೊಸೆಗೆ ರಾತ್ರಿ ನಿದ್ದೆಯಿರಲಿಲ್ಲ.

"ಸಿಸ್ಟರ್, ನಿನ್ನೆಯಿಂದ ಎಲ್ಲರೂ ನೋಡಿಕೊಂಡೇ ಇದ್ದಾರೆ. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ಈಗ ನೀವೊಬ್ಬರು ಹೊಸಬರು. ನಿಮಗೂ ಮೊದಲಿಂದ ಕಥೆ ಹೇಳ್ಬೇಕಾ?"

"ಹೇಳ್ಬೇಕು. ಆದ್ರೆ ಇದೇ ಕೊನೆ ಸಲ. ಇನ್ಮೇಲೆ ಉಳಿದವರಿಗೆಲ್ಲ ನಾನು ಹೇಳ್ತೀನಿ."

"ಔಷಧಿ ನೀವು ಕೊಡ್ತೀರಾ?"

"ಇಲ್ಲ. ನಾನು ಡಾಕ್ಟರಲ್ಲ. ಒಬ್ಬರು ಕೊಟ್ಟಿದ್ದು ಇನ್ನೊಬ್ಬರಿಗೆ ಗೊತ್ತಿದೆಯಾ ಅಂತ ನೋಡೋದು ನನ್ನ ಕೆಲಸ."

ಅದೂ ಒಂದು ಕೆಲಸವೇ, ಅದಕ್ಕೂ ಒಂದು ಕುರ್ಚಿಯೇ ಎಂದು ಸೊಸೆ ಗೊಣಗಿದಳು. ಕೇಳಿಸಲಿ ಎಂದೇ ಗೊಣಗಿದ್ದು. ಸಂಯೋಜಕಿ ಎದ್ದು ಹೋಗಲಿಲ್ಲ; ಟೈಲರ್ ಅಂಗಡಿಯಿಂದ ಹಿಡಿದು ಎಲ್ಲವನ್ನೂ ಕೇಳಿ ತಿಳಿದುಕೊಂಡಳು.

ಅಷ್ಟರಲ್ಲಿ ಮಾವ ಮೂತ್ರಕ್ಕೆಂದು ಏಳಲು ಹೊರಟರು. ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಹಾಸಿಗೆಯಿಂದ ಕೆಳಗಿಟ್ಟರು, ಬೇರೆ ಯಾರದೋ ಕಾಲೇನೋ ಎಂಬ ಹಾಗೆ. ಸಂಯೋಜಕಿ ಅದನ್ನು ನೋಡಿದಳು. ಅವರು ತಿರುಗಿ ಮಲಗಿದ ಮೇಲೆ, ಯಾವ ಮಾತ್ರೆ ತಗೋತೀರಿ ಎಂದು ಕೇಳಲಿಲ್ಲ.

"ಯಜಮಾನ್ರೆ, ಈ ಮಂಡಿ ಇಟ್ಕೊಂಡು ದಿನವೆಲ್ಲ ಮಿಷನ್ ಹೇಗೆ ತುಳೀತೀರಿ?"

ಮಾವ ಗೋಡೆಯ ಕಡೆ ಮುಖ ಮಾಡಿದರು. ಗೋಡೆಗೇ ಹೇಳುವ ಹಾಗೆ ಉತ್ತರ ಕೊಟ್ಟರು. ತುಳಿಯುವುದಕ್ಕೇ ಮಾತ್ರೆ ಇದೆ. ಮೂಳೆ ಡಾಕ್ಟರ್ ಕೊಟ್ಟದ್ದು, ಈ ಆಸ್ಪತ್ರೆಯವರೇ. ಹತ್ತು ದಿನಕ್ಕೆಂದು ಬರೆದಿದ್ದರು. ಮುಗಿದ ಮೇಲೆ ಮೆಡಿಕಲ್ ಸ್ಟೋರಿನಲ್ಲಿ ತಾವೇ ಕೊಳ್ಳುತ್ತಾ ಬಂದರು. ಅಂಗಡಿಯಲ್ಲೇ ಇಟ್ಟುಕೊಂಡು ಅಲ್ಲೇ ನುಂಗುತ್ತಿದ್ದರು, ಮನೆಯವರಿಗೆ ಯಾಕೆ ಚಿಂತೆ ಎಂದು.

ಮೂಳೆ ಡಾಕ್ಟರ ಕೋಣೆಗೂ ಹೃದಯದ ಡಾಕ್ಟರ ಕೋಣೆಗೂ ನಡುವೆ ಇರುವುದು ಒಂದೇ ಗೋಡೆ. ಹೊರಗೆ ಕಾಯುವ ಬೆಂಚೂ ಒಂದೇ.

ಹೃದಯದ ಡಾಕ್ಟರಿಗೆ ಯಾಕೆ ಹೇಳಲಿಲ್ಲ ಎಂದು ಸೊಸೆ ಕೇಳಿದಳು.

"ಅದು ಮರ್ಯಾದೆ ಅಲ್ಲಮ್ಮ" ಎಂದರು ಮಾವ. "ನನ್ನ ಹತ್ರ ಬಂದು, ಇನ್ನೊಬ್ಬ ಟೈಲರ್ ಹೀಗೆ ಕತ್ತರಿಸಿದ್ದ, ಅವನು ಹಾಗೆ ಹೊಲಿದಿದ್ದ ಅಂದ್ರೆ ನನಗೆ ಮೈ ಉರಿಯುತ್ತೆ. ಹಾಗಾದ್ರೆ ಅವನ ಹತ್ರಾನೇ ಹೋಗಯ್ಯ ಅಂತೀನಿ. ಅಷ್ಟು ದೊಡ್ಡ ಡಾಕ್ಟರ ಮುಂದೆ ಇನ್ನೊಬ್ಬ ಡಾಕ್ಟರ ಹೆಸರು ಎತ್ತೋದಾ?"

ಕಿಡ್ನಿಗೆ ವಿಷ ಹಾಕಿದ್ದು ಶತ್ರುವಲ್ಲ, ಸೌಜನ್ಯ. ಸೊಸೆಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ.

ಸಂಯೋಜಕಿ ಆಗಲೇ ಎದ್ದು ಹೋಗಿದ್ದಳು. ಹಿಂದೆಯೇ ಕಿಡ್ನಿ ಡಾಕ್ಟರ್ ಬಂದರು. ರಕ್ತದೊತ್ತಡದ ಮಾತ್ರೆ, ನೀರು ಇಳಿಸುವ ಮಾತ್ರೆ, ನೋವಿನ ಮಾತ್ರೆ, ಈ ಮೂರೂ ಒಂದೇ ಮೈಯಲ್ಲಿ ಸೇರಿದರೆ ಕಿಡ್ನಿಗೆ ಹೊಡೆತ ಬೀಳುತ್ತದೆ, ವಯಸ್ಸಾದವರಿಗಂತೂ ಇನ್ನೂ ಬೇಗ ಎಂದು ವಿವರಿಸಿದರು. ನೋವಿನ ಮಾತ್ರೆ ಅಂದೇ ನಿಂತಿತು. ಉಳಿದ ಎರಡನ್ನು ಏನು ಮಾಡಬೇಕೆಂದು ಹೃದಯದ ಡಾಕ್ಟರ ಜೊತೆ ಮಾತಾಡಬೇಕಿತ್ತು. ಸಂಯೋಜಕಿ ಅವರನ್ನು ಹಾಸಿಗೆಯ ಬಳಿಗೇ ಕರೆತಂದಳು.

ಹೃದಯದ ಡಾಕ್ಟರ್ ಕೆಟ್ಟವರಲ್ಲ. ಅವರ ಬಾಗಿಲಲ್ಲಿ ಆ ಹೊತ್ತಿಗೂ ನಲವತ್ತು ಜನ ನಿಂತಿದ್ದರು. ಆದರೆ ಬಂದವರೇ, ಇದನ್ನು ನನಗೆ ಹೇಳಬೇಕಿತ್ತು ಅಲ್ವಾ ಎಂದು ಮಾವನನ್ನು ಗದರಿದರು.

ಸೊಸೆ ಎದ್ದು ನಿಂತಳು.

"ಅವರು ಹೇಳ್ಲಿಲ್ಲ ಸರ್. ಅದು ತಪ್ಪೇ. ನೀವು ಕೇಳ್ಲಿಲ್ಲ. ಅದಕ್ಕೆ ಏನಂತೀರಿ?"

ಡಾಕ್ಟರ್ ಅವಳ ಮುಖ ನೋಡಿದರು. ಆಮೇಲೆ ಕುರ್ಚಿಯಲ್ಲಿ ಕುಳಿತು, ಬೇರೆ ಏನೇನು ತಗೋತೀರಿ ಎಂದು ಮಾವನನ್ನು ಕೇಳಿದರು. ಆ ಪ್ರಶ್ನೆಗೆ ಹಿಡಿದದ್ದು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು.

ಇಬ್ಬರು ಡಾಕ್ಟರೂ ಕೂಡಿ ಉಳಿದ ಎರಡು ಮಾತ್ರೆಗಳ ಅಳತೆ ಬದಲಿಸಿದರು. ಮೂತ್ರ ನಿಧಾನಕ್ಕೆ ಹೆಚ್ಚಿತು. ಮುಖದ ಊತ ಇಳಿಯಿತು. ಡಯಾಲಿಸಿಸ್ ಸದ್ಯಕ್ಕೆ ಬೇಡ ಎಂದರು. ಮಾವ ಪಕ್ಕದ ಹಾಸಿಗೆಯವನ ಅಂಗಿಯ ತೋಳು ಉದ್ದವಾಯಿತು ಎಂದು ಟೀಕೆ ಮಾಡಿದ ದಿನ, ಇವರು ಬದುಕಿಕೊಂಡರು ಎಂದು ಸೊಸೆ ತಿಳಿದಳು. ಯಾವ ಮಾತ್ರೆ ಯಾವ ಹೊತ್ತಿಗೆ, ಯಾವುದು ಮತ್ತೆಂದೂ ಬೇಡ, ಮುಂದಿನ ರಕ್ತ ಪರೀಕ್ಷೆ ಯಾವಾಗ ಎಂಬುದನ್ನೆಲ್ಲ ಸಂಯೋಜಕಿ ಒಂದೇ ಹಾಳೆಯಲ್ಲಿ ಬರೆದುಕೊಟ್ಟಳು. ಮನೆಗೆ ಫೋನ್ ಮಾಡುತ್ತಿರುತ್ತೇನೆ ಎಂದಳು. ಇನ್ನೇಕೆ ಫೋನು, ಕಾಯಿಲೆ ಗುಣವಾಯಿತಲ್ಲ ಎಂದುಕೊಂಡಳು ಸೊಸೆ. ಗಂಡನೂ ಅದನ್ನೇ ಹೇಳಿದ. ಅವರಿಗೇನು, ಕರೆ ಮಾಡಿದ್ದಕ್ಕೆ ಗುರುತು ಹಾಕಿಕೊಂಡರೆ ಸಂಬಳ ಬರುತ್ತೆ ಎಂದು ನಕ್ಕ.

ಫೋನ್ ಬಂತು. ಮಾವ ಹೇಗಿದ್ದಾರೆ ಎಂದು ಸಂಯೋಜಕಿ ಕೇಳಲಿಲ್ಲ. ಅಂಗಡಿ ತೆರೆದರಾ ಎಂದು ಕೇಳಿದಳು. ಮೂರು ದಿನವಾಯಿತು ಎಂದಳು ಸೊಸೆ. ಮಿಷನ್ ತುಳಿಯುತ್ತಿದ್ದಾರಾ ಎಂದು ಮತ್ತೆ ಕೇಳಿದಳು. ತುಳಿಯದೆ ಇನ್ನೇನು.

"ಹಾಗಾದ್ರೆ ನೋವಿಗೆ ಏನು ತಗೋತಿದ್ದಾರೆ?"

ಸೊಸೆ ಫೋನ್ ಇಟ್ಟವಳೇ ಚಪ್ಪಲಿ ಮೆಟ್ಟಿದಳು.

ಅಂಗಡಿಯಲ್ಲಿ ಗಿರಾಕಿಯೊಬ್ಬರು ಪ್ಯಾಂಟಿನ ಅಳತೆ ಕೊಡುತ್ತಾ ನಿಂತಿದ್ದರು. ಅವರ ಎದುರಿಗೇ ಮಾವನ ಜೇಬಿಗೆ ಕೈ ಹಾಕಿದಳು. ಮಾತ್ರೆಯ ಪಟ್ಟಿ ಸಿಕ್ಕಿತು. ಅದರಲ್ಲಿ ಎರಡು ಮಾತ್ರೆ ಖಾಲಿಯಾಗಿದ್ದವು. ಆ ಮನೆಯಲ್ಲಿ ಸೊಸೆ ಮಾವನಿಗೆ ದನಿ ಎತ್ತಿದ್ದು ಅದೇ ಮೊದಲು. ಹಾಸಿಗೆಯ ಪಕ್ಕ ನೆಲದ ಮೇಲೆ ಮಲಗಿದ್ದು ಯಾರು, ಮಲ ಮೂತ್ರ ತೆಗೆದದ್ದು ಯಾರು, ರಜೆ ಹಾಕಿ ತನ್ನ ಕೆಲಸದ ಕಡೆ ಬೈಸಿಕೊಂಡದ್ದು ಯಾರು ಎಂದು ಕೇಳಿದಳು. ಗಿರಾಕಿ ಅಳತೆ ಅರ್ಧಕ್ಕೇ ಬಿಟ್ಟು ಹೊರಗೆ ಹೋದರು.

ಮಾವ ಟೇಪನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟರು.

"ಮಂಡಿ ಮಡಚಲ್ಲ ಅಂದ್ರೆ ಮಿಷನ್ ತಿರುಗಲ್ಲ. ಮಿಷನ್ ತಿರುಗದಿದ್ರೆ ಆ ಕಿಡ್ನಿ ಉಳಿಸ್ಕೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ?"

ಆ ಸಂಜೆ ಸೊಸೆಯೇ ಸಂಯೋಜಕಿಗೆ ಫೋನ್ ಮಾಡಿದಳು. ಮೊದಲು ಮಾವನನ್ನು ಬೈದಳು, ಆಮೇಲೆ ಎಲ್ಲ ಡಾಕ್ಟರುಗಳನ್ನು, ಕೊನೆಗೆ ಅವಳನ್ನೂ. ಸಂಯೋಜಕಿ ಎಲ್ಲ ಕೇಳಿಸಿಕೊಂಡಳು. ನನಗೂ ಸಿಟ್ಟು ಬರುತ್ತೆ, ಮಾತ್ರೆ ನಿಲ್ಲಿಸಿ ಅಂತ ಎಲ್ಲರೂ ಹೇಳಿದೆವು, ನೋವಿಗೆ ಏನು ಮಾಡಲಿ ಅನ್ನುವುದಕ್ಕೆ ಒಬ್ಬರೂ ಉತ್ತರ ಕೊಡಲಿಲ್ಲ, ನಾನೂ ಕೊಡಲಿಲ್ಲ ಎಂದಳು. ಕಿಡ್ನಿ ಡಾಕ್ಟರಿಗೆ ಅಂದೇ ವಿಷಯ ಮುಟ್ಟಿಸಿ, ಬೆಳಿಗ್ಗೆಯೇ ರಕ್ತ ಪರೀಕ್ಷೆಗೆ ಬರಲು ಹೇಳಿದಳು.

ಪರೀಕ್ಷೆ ಮುಗಿದ ಮಧ್ಯಾಹ್ನ ಸಂಯೋಜಕಿ ತಾನೇ ಅಂಗಡಿಗೆ ಬಂದಳು. ಮಾವ ಯಂತ್ರ ತುಳಿಯುವುದನ್ನು ನಿಂತು ನೋಡಿದಳು. ನಿಮಗೆ ಏನು ಬೇಕು ಎಂದು ಕೇಳಿದಳು.

"ಕೋಳಿನ ಕೇಳಿ ಯಾರಾದ್ರೂ ಮಸಾಲೆ ಅರೀತಾರಾ ತಾಯಿ?" ಎಂದರು ಮಾವ. "ಇಷ್ಟು ದಿನದಲ್ಲಿ ಹಾಗೆ ಕೇಳಿದವಳು ನೀನೇ. ನನಗೆ ಹೊಲೀಬೇಕು. ಅಷ್ಟೇ."

ಮುಂದಿನದು ದೊಡ್ಡ ವಿದ್ಯೆಯೇನಲ್ಲ. ಮೂಳೆ ಡಾಕ್ಟರೂ ಕಿಡ್ನಿ ಡಾಕ್ಟರೂ ಮಾತಾಡಿಕೊಂಡು, ಕಿಡ್ನಿಗೆ ಹಾನಿಯಾಗದ ಬೇರೆ ಮಾತ್ರೆಯನ್ನು ಅಳತೆ ಮಾಡಿ ಬರೆದರು. ಮಂಡಿಯ ಸುತ್ತಲಿನ ಸ್ನಾಯು ಗಟ್ಟಿಯಾಗಲು ವ್ಯಾಯಾಮ ಕಲಿಸುವವರ ಬಳಿಗೆ ಸಂಯೋಜಕಿ ಕಳಿಸಿದಳು. ಮಗ ಲಾರಿಯಿಂದ ಇಳಿದವನೇ ಹೊಲಿಗೆ ಯಂತ್ರಕ್ಕೆ ಮೋಟಾರ್ ಕೂರಿಸಿದ; ಈಗ ಪಾದದ ತುದಿಯಿಂದ ಒತ್ತಿದರೆ ಸಾಕು. ಮೊದಲ ದಿನ ಬಟ್ಟೆ ಕೈಜಾರಿ ಓಡಿ ಹೊಲಿಗೆ ಅಂಕುಡೊಂಕಾಯಿತು. ಮಾವ ಮಗನನ್ನೂ ಮೋಟಾರನ್ನೂ ಸೇರಿಸಿ ಬೈದರು. ವಾರದಲ್ಲಿ ಪಳಗಿದರು.

ಆಮೇಲಿನ ರಕ್ತ ಪರೀಕ್ಷೆಯಲ್ಲಿ ಕಿಡ್ನಿ ಚೇತರಿಸಿದ್ದು ಕಾಣಿಸಿತು. ಪೂರ್ತಿಯಲ್ಲ. ಹೋದ ಭಾಗ ಹೋಯಿತು, ಅದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಎಂದರು ಡಾಕ್ಟರ್.

ಸೊಸೆ ಆ ವರದಿ ಹಿಡಿದು ನೇರವಾಗಿ ಆಸ್ಪತ್ರೆಯ ಅಧೀಕ್ಷಕರ ಕೋಣೆಗೆ ಹೋದಳು. ಸಂಯೋಜಕಿ ಮೊದಲ ದಿನವೇ ಯಾಕೆ ಸಿಗಲಿಲ್ಲ ಎಂದು ಕೇಳಿದಳು. ಒಳರೋಗಿಯಾಗಿ ಸೇರಿದವರಿಗೆ ಮಾತ್ರ ಆ ಸೌಲಭ್ಯ ಎಂದರು ಅಧೀಕ್ಷಕರು.

"ಅಂದ್ರೆ ನಡ್ಕೊಂಡು ಬಂದವರನ್ನ ಕೇಳೋರಿಲ್ಲ. ಹೊತ್ಕೊಂಡು ಬಂದ್ರೆ ಮಾತ್ರ ಕೇಳ್ತೀರಿ. ನಮ್ಮ ಮಾವ ನಿಮ್ಮ ಬೆಂಚಿನ ಮೇಲೆ ತಿಂಗಳುಗಟ್ಟಲೆ ಕೂತಿದ್ರು ಸರ್, ಎರಡೂ ಬಾಗಿಲಿಗೆ ಒಂದೇ ಬೆಂಚು."

ಬರೆದು ಕೊಡಿ ಎಂದರು. ಕೊಟ್ಟಳು. ಎರಡು ಮೂರು ಕಾಯಿಲೆ ಒಟ್ಟಿಗಿರುವ ಪ್ರತಿಯೊಬ್ಬರಿಗೂ ಮೊದಲ ಭೇಟಿಯಿಂದಲೇ ಒಬ್ಬ ಸಂಯೋಜಕಿ ಬೇಕು ಎಂದು ಬರೆದಳು. ಉತ್ತರ ಇನ್ನೂ ಬಂದಿಲ್ಲ. ಮಾವನನ್ನು ಪರೀಕ್ಷೆಗೆ ಕರೆದುಕೊಂಡು ಹೋದಾಗಲೆಲ್ಲ ಅವಳು ಆ ಬಾಗಿಲು ತಟ್ಟುತ್ತಾಳೆ.

ಓದುವ ಅಕ್ಕಂದಿರೇ, ಅಣ್ಣಂದಿರೇ, ನೀವೂ ತಟ್ಟಿ. ನಿಮ್ಮ ಮನೆಯ ಹಿರಿಯರು ಎರಡು ಕಡೆ ಔಷಧಿ ತರುತ್ತಿದ್ದರೆ, ಒಂದು ಕಡೆಯದನ್ನು ಇನ್ನೊಂದು ಕಡೆ ಹೇಳಿದ್ದಾರಾ ಎಂದು ಇವತ್ತೇ ಕೇಳಿ. ಹೇಳುವುದು ಅವಮರ್ಯಾದೆಯಲ್ಲ. ಮೆಡಿಕಲ್ ಸ್ಟೋರಿನಲ್ಲಿ ತಾವಾಗಿ ಕೊಂಡ ನೋವಿನ ಮಾತ್ರೆಯೂ ಔಷಧಿಯೇ. ಅದನ್ನೂ ಡಾಕ್ಟರಿಗೆ ತೋರಿಸಿ. ಹೆದರಿ ನಿಮ್ಮಷ್ಟಕ್ಕೆ ಯಾವುದನ್ನೂ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿಯೇ ನಿಲ್ಲಿಸಿ. ಆಸ್ಪತ್ರೆಗೆ ಹೋದಾಗ, ನಮ್ಮ ಕೇಸನ್ನು ಪೂರ್ತಿಯಾಗಿ ನೋಡುವವರು ಯಾರು ಎಂದು ವಿಚಾರಿಸಿ. ಅಂಥವರು ಇದ್ದರೆ ಅವರ ಫೋನ್ ನಂಬರ್ ಪಡೆಯಿರಿ. ಇಲ್ಲ ಎಂದರೆ, ಯಾಕಿಲ್ಲ ಎಂದು ಗಟ್ಟಿಯಾಗಿ ಕೇಳಿ. ನಿಮ್ಮ ಹಿಂದೆ ಸಾಲಿನಲ್ಲಿ ನಿಂತವರಿಗೂ ಕೇಳಿಸುವಷ್ಟು ಗಟ್ಟಿಯಾಗಿ.